ಕಲ್ಲಿನ ಅಕ್ಷರ, ಕಡತದ ಅಕ್ಷರ

ನಮ್ಮೂರು ಮುಳಗುಂದ. ಗದಗಿನ ನೆರೆಯಲ್ಲಿರುವ ಈ ಊರು ಬಸ್ಸಿನಲ್ಲಿ ಹಾದುಹೋಗುವವರಿಗೆ ಹತ್ತು ಊರುಗಳಂತೆ ಒಂದು ಊರು. ಕನ್ನಡ ಸಾಹಿತ್ಯದ ಚರಿತ್ರೆಯನ್ನು ಓದಿದವರಿಗೆ ಮಾತ್ರ ಹಾಗಲ್ಲ. ರಾಷ್ಟ್ರಕೂಟ ಇಮ್ಮಡಿ ಕೃಷ್ಣನ ಆಳಿಕೆಯಲ್ಲಿ, ಶಕವರ್ಷ 824ರಲ್ಲಿ, ಎಂದರೆ ಕ್ರಿ.ಶ. 902ರ ಸುಮಾರಿಗೆ, ಚಿಕಾರ್ಯನೆಂಬುವನು ಕಟ್ಟಿಸಿದ ಜಿನಾಲಯಕ್ಕೆ ಅವನ ಮಗ ಅರಸಾರ್ಯನು ದತ್ತಿ ಬಿಟ್ಟುದನ್ನು ಇಲ್ಲಿಯ ಶಾಸನವೊಂದು ಹೇಳುತ್ತದೆ. ಮಲ್ಲಿಷೇಣಸೂರಿ ತನ್ನ ಸಂಸ್ಕೃತ ಮಹಾಪುರಾಣವನ್ನು 1047ರಲ್ಲಿ ಮುಗಿಸಿದ್ದು ಇಲ್ಲಿಯೇ. ಹನ್ನೆರಡನೆಯ ಶತಮಾನದ ಆರಂಭದಲ್ಲಿ ‘ಧರ್ಮಾಮೃತ’ವನ್ನು ಬರೆದ ನಯಸೇನನ ಊರೂ ಇದೇ.

ಕೆಲವು ವರ್ಷಗಳ ಹಿಂದೆ ನಾವು ನಾಲ್ಕು ಜನ ಗೆಳೆಯರು ಸೇರಿ ಊರಿನ ಹಾಗೂ ಸುತ್ತಲಿನ ಶಾಸನಗಳ ಪಾಠವನ್ನು ಒಂದು ಕಿರುಹೊತ್ತಗೆಯಾಗಿ ಅಚ್ಚು ಹಾಕಿಸಲು ಹೊರಟೆವು. ಪಾಠವನ್ನು ಗಣಕಯಂತ್ರದಲ್ಲಿ ಜೋಡಿಸುವ ಕೆಲಸವನ್ನು ಒಬ್ಬ ತರುಣನಿಗೆ ಒಪ್ಪಿಸಿದ್ದಾಯಿತು. ಕರಡಚ್ಚು ಕೈಗೆ ಬಂದಾಗ ನೋಡುತ್ತೇನೆ: ‘ಪೇೞ್’, ‘ಬಾೞ್’, ‘ಏೞು’ ಎಂಬ ಹಳಗನ್ನಡದ ಮಾತುಗಳಲ್ಲಿ ೞಕಾರ ಇರಬೇಕಾದೆಡೆಯಲ್ಲೆಲ್ಲ ಬರಿದಾದ ಒಂದೊಂದು ಚೌಕ ಕುಳಿತಿದೆ. ಕೆಲವೆಡೆ ಸ್ವರದ ಗುರುತು ತನ್ನ ಅಕ್ಷರವನ್ನು ಬಿಟ್ಟು, ಚುಕ್ಕೆಗಳಿಂದಾದ ಒಂದು ವೃತ್ತಕ್ಕೆ ಜೋತುಬಿದ್ದಿದೆ. ಚಿಕಾರ್ಯನ ಹೆಸರು ಒಂದು ಪುಟದಲ್ಲಿ ಒಂದು ಬಗೆ, ಮತ್ತೊಂದು ಪುಟದಲ್ಲಿ ಮತ್ತೊಂದು ಬಗೆ. ಇದೇನೆಂದು ಕೇಳಿದೆ. ‘ಆ ಅಕ್ಷರ ಕಂಪ್ಯೂಟರಿನ್ಯಾಗ ಇಲ್ಲರಿ ಸರ. ಇದ್ದಿದ್ರ ಬರತಿತ್ತಲ್ಲರಿ’ ಎಂದ. ಸ್ವಲ್ಪ ತಡೆದು, ‘ಳ ಹಾಕಿಬಿಡ್ಲೇನ್ರಿ? ಓದೋರಿಗೆ ಗೊತ್ತಾಗೂದಿಲ್ಲ’ ಎಂದೂ ಸೇರಿಸಿದ. ಬಿಡುಗಡೆಯ ದಿನ ಹತ್ತಿರ ಬಂದಿತ್ತು. ನಾನು ಹೂಂ ಎಂದೆ.

ಆ ಹೂಂಕಾರ ನನ್ನನ್ನು ಬಹಳ ದಿನ ಕಾಡಿತು. ಸಾವಿರ ವರ್ಷ ಮಳೆಗಾಳಿಗಳಿಗೆ ಅಳಿಯದೆ ಉಳಿದಿದ್ದ ಒಂದು ಅಕ್ಷರವನ್ನು ಅಳಿಸಲು ನನ್ನ ಒಂದು ಉಸಿರು ಸಾಕಾಯಿತು. ಆ ಅಕ್ಷರ ಯಂತ್ರದಲ್ಲಿ ನಿಜವಾಗಿಯೂ ಇರಲಿಲ್ಲವೆ? ಈ ಪ್ರಶ್ನೆಯ ಬೆನ್ನು ಹತ್ತಿ ಹೋದಾಗ ನಾನು ಕಂಡುಕೊಂಡ ಸಂಗತಿಗಳನ್ನು ಈ ಹೊತ್ತು ತಮ್ಮ ಮುಂದೆ ಇಡಬೇಕೆಂದಿದ್ದೇನೆ.

ಗಣಕಯಂತ್ರದ ತೆರೆಯ ಮೇಲೆ ಕನ್ನಡದ ಒಂದು ಅಕ್ಷರ ಮೂಡಬೇಕಾದರೆ ಮೂರು ಸಂಗತಿಗಳು ಕೂಡಿಬರಬೇಕು. ಮೊದಲನೆಯದು, ಆ ಅಕ್ಷರಕ್ಕೆ ಲೋಕವೆಲ್ಲ ಒಪ್ಪಿದ ಒಂದು ಅಂಕೆ ಇರಬೇಕು. ಯೂನಿಕೋಡ್ ಎಂಬ ವ್ಯವಸ್ಥೆ ಈ ಅಂಕೆಗಳನ್ನು ಕೊಡುತ್ತದೆ. ಎರಡನೆಯದು, ಆ ಅಂಕೆಗೆ ತಕ್ಕ ರೂಪ ಅಚ್ಚಿನ ಮೊಳೆಗಳಂತಿರುವ ಫಾಂಟಿನಲ್ಲಿ ಇರಬೇಕು. ಮೂರನೆಯದು, ಆ ರೂಪಗಳನ್ನು ಕನ್ನಡದ ಕ್ರಮದಲ್ಲಿ ಜೋಡಿಸಬಲ್ಲ ಒಂದು ತಂತ್ರಾಂಶ ಇರಬೇಕು. ರೋಗವನ್ನು ಲಕ್ಷಣದಿಂದ ಗುರುತಿಸುವ ವೈದ್ಯನಂತೆ ಇಲ್ಲಿಯೂ ಗುರುತಿಸಬಹುದು. ಬರಿದಾದ ಚೌಕ ಕಂಡರೆ ದೋಷ ಫಾಂಟಿನದು: ಅಂಕೆ ಇದೆ, ಮೊಳೆ ಇಲ್ಲ. ಚುಕ್ಕೆಯ ವೃತ್ತ ಕಂಡರೆ ಗುರುತುಗಳ ಕ್ರಮ ತಪ್ಪಿದೆ, ಇಲ್ಲವೆ ಜೋಡಿಸುವ ತಂತ್ರಾಂಶಕ್ಕೆ ಆ ಕ್ರಮ ತಿಳಿಯದು. ನನ್ನ ಕರಡಿನಲ್ಲಿ ಎರಡೂ ರೋಗಗಳು ಇದ್ದವು. ೞಕಾರದ ಅಂಕೆಯಂತೂ 1991ರಲ್ಲಿ ಹೊರಬಂದ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ ಇತ್ತು. ಬೇರೆ ಫಾಂಟನ್ನು ಆರಿಸಿಕೊಂಡಿದ್ದರೆ ನಮ್ಮ ಚೌಕಗಳೆಲ್ಲ ಒಂದು ಕ್ಷಣದಲ್ಲಿ ತುಂಬಿಬಿಡುತ್ತಿದ್ದವು. ‘ಇಲ್ಲರಿ’ ಎಂಬ ಮಾತನ್ನು ನಾವಿಬ್ಬರೂ ಪರೀಕ್ಷಿಸದೆ ನಂಬಿದ್ದೆವು.

ಮೂರನೆಯ ಸಂಗತಿ, ಎಂದರೆ ಜೋಡಿಸುವ ತಂತ್ರಾಂಶ, ಇವುಗಳಲ್ಲಿ ಹೆಚ್ಚು ಕುತೂಹಲಕರವಾದುದು. ಅದರ ಕಥೆ ಶುರುವಾಗುವುದು ಅಕ್ಷರದಿಂದಲ್ಲ, ಕಿಟಕಿ ಬಾಗಿಲುಗಳಿಂದ. ತೆರೆಯ ಮೇಲೆ ನಾವು ಕಾಣುವ ಕಿಟಕಿ, ಒತ್ತುವ ಗುಂಡಿ, ಇಳಿಬೀಳುವ ಪಟ್ಟಿ, ಬರೆಯುವ ಚೌಕ ಇವನ್ನು ಪ್ರತಿಯೊಬ್ಬ ತಂತ್ರಾಂಶಕಾರನೂ ಹೊಸದಾಗಿ ಕೆತ್ತುತ್ತ ಕೂರುವುದಿಲ್ಲ. ಬಡಗಿಯೊಬ್ಬ ಬಾಗಿಲು, ಚೌಕಟ್ಟುಗಳನ್ನು ಮೊದಲೇ ಮಾಡಿಟ್ಟರೆ ಮನೆ ಕಟ್ಟುವವರೆಲ್ಲ ತಂದು ಕೂರಿಸಿಕೊಳ್ಳುವುದಿಲ್ಲವೆ? ಅಂಥ ಸಿದ್ಧ ಸಾಮಗ್ರಿಯ ಸಂಗ್ರಹಕ್ಕೆ ಟೂಲ್‌ಕಿಟ್ ಎನ್ನುತ್ತಾರೆ. 1995ರಲ್ಲಿ ಕ್ಯಾಲಿಫೋರ್ನಿಯದ ಬರ್ಕ್‌ಲಿ ವಿಶ್ವವಿದ್ಯಾಲಯದಲ್ಲಿ ಸ್ಪೆನ್ಸರ್ ಕಿಂಬಲ್, ಪೀಟರ್ ಮ್ಯಾಟಿಸ್ ಎಂಬ ಇಬ್ಬರು ವಿದ್ಯಾರ್ಥಿಗಳು ಚಿತ್ರಗಳನ್ನು ತಿದ್ದುವ ‘ಗಿಂಪ್’ ಎಂಬ ತಂತ್ರಾಂಶವನ್ನು ಬರೆಯತೊಡಗಿದರು. ಮೊದಲು ಅವರು ಬಳಸಿದ್ದು ‘ಮೋಟಿಫ್’ ಎಂಬ ಟೂಲ್‌ಕಿಟ್ಟನ್ನು. ಅದು ಹಣ ತೆತ್ತು ಪರವಾನಗಿ ಪಡೆಯಬೇಕಾದ ಸರಕು. ಒಳಗಿನ ದೋಷವನ್ನು ತಾವೇ ತಿದ್ದಿಕೊಳ್ಳುವ ಅವಕಾಶವೂ ಇರಲಿಲ್ಲ. ಬೇಸತ್ತ ಮ್ಯಾಟಿಸ್ ತಾನೇ ಹೊಸ ಗುಂಡಿ, ಕಿಟಕಿಗಳನ್ನು ಬರೆಯತೊಡಗಿದ. ಅದೇ ‘ಜಿಟಿಕೆ’. 1998ರ ಏಪ್ರಿಲಿನಲ್ಲಿ ಅದರ ಮೊದಲ ಪೂರ್ಣ ಆವೃತ್ತಿ ಹೊರಬಂತು. ಅದರ ಮೂಲಪಾಠವನ್ನು ಯಾರು ಬೇಕಾದರೂ ಓದಬಹುದಾಗಿತ್ತು, ತಿದ್ದಬಹುದಾಗಿತ್ತು, ತಿದ್ದಿದ ಪ್ರತಿಯನ್ನು ಹಂಚಬಹುದಾಗಿತ್ತು. 1997ರಲ್ಲಿ ಆರಂಭವಾದ ‘ಗ್ನೋಮ್’ ಎಂಬ ಮುಕ್ತ ವ್ಯವಸ್ಥೆ ಇಡಿಯಾಗಿ ಇದರ ಮೇಲೆಯೇ ನಿಂತಿತು.

ಆದರೆ ಅಂದಿನ ಆ ಕಿಟಕಿಗಳು ಇಂಗ್ಲಿಷಿನ ಅಳತೆಗೆ ಕೊಯ್ದವು. ಒಂದರ ಮಗ್ಗುಲಿಗೆ ಒಂದು ಅಕ್ಷರವನ್ನು ಇಡುತ್ತ ಹೋದರೆ ಇಂಗ್ಲಿಷಿನ ಸಾಲು ಮುಗಿಯಿತು. ನಮ್ಮ ಲಿಪಿ ಹಾಗಲ್ಲ. ‘ಸ್ತ್ರೀ’ ಎಂಬುದನ್ನೇ ನೋಡಿ. ಯಂತ್ರದ ನೆನಪಿನಲ್ಲಿ ಅದು ಆರು ಅಂಕೆಗಳ ಸಾಲು: ಸಕಾರ, ಹಲಂತದ ಗುರುತು, ತಕಾರ, ಮತ್ತೆ ಹಲಂತ, ರಕಾರ, ಕೊನೆಗೆ ದೀರ್ಘ ಈಕಾರ. ಕೊನೆಯಲ್ಲಿ ಬಂದ ಈಕಾರದ ಗುಡಿಸು ಮೊದಲಿದ್ದ ಸಕಾರದ ನೆತ್ತಿಯನ್ನು ಏರಬೇಕು. ತಕಾರ ರಕಾರಗಳು ಒತ್ತುಗಳಾಗಿ ಕೆಳಗಿಳಿಯಬೇಕು. ದೀರ್ಘದ ಕೊಂಬು ಎಲ್ಲಕ್ಕೂ ಬಲಕ್ಕೆ ಹೋಗಿ ನಿಲ್ಲಬೇಕು. ನಮ್ಮ ಮಕ್ಕಳು ಪಾಟಿಯ ಮೇಲೆ ತಿದ್ದಿ ತಿದ್ದಿ ಕಲಿಯುವ ಈ ವಿದ್ಯೆಯನ್ನು ಯಂತ್ರಕ್ಕೂ ಯಾರಾದರೂ ಕಲಿಸಲೇಬೇಕಿತ್ತು.

2002ರ ಮಾರ್ಚಿನಲ್ಲಿ ಬಂದ ಜಿಟಿಕೆಯ ಎರಡನೆಯ ಆವೃತ್ತಿಯೊಡನೆ ‘ಪ್ಯಾಂಗೊ’ ಎಂಬ ಅಕ್ಷರ ಜೋಡಣೆಯ ಭಾಗ ಸೇರಿತು. ಓವೆನ್ ಟೇಲರ್ ಇದನ್ನು ರೂಪಿಸಿದವರಲ್ಲಿ ಪ್ರಮುಖರು. ಎಲ್ಲ ಎಂಬ ಅರ್ಥದ ಗ್ರೀಕ್ ಮಾತನ್ನೂ ಭಾಷೆ ಎಂಬ ಅರ್ಥದ ಜಪಾನಿ ಮಾತನ್ನೂ ಕೂಡಿಸಿ ಈ ಹೆಸರನ್ನು ಮಾಡಿದರು. ಭಾರತದ ಲಿಪಿಗಳಿಗೆ ಅದರಲ್ಲಿ ಎಡೆ ದೊರೆಯಿತು. 2004ರಲ್ಲಿ ರೆಡ್ ಹ್ಯಾಟ್ ಸಂಸ್ಥೆ ‘ಲೋಹಿತ್’ ಎಂಬ ಭಾರತೀಯ ಲಿಪಿಗಳ ಫಾಂಟುಗಳನ್ನು ಮುಕ್ತವಾಗಿ ಬಿಟ್ಟುಕೊಟ್ಟಿತು; ಮುಂದೆ ಕನ್ನಡಿಗರೇ ರೂಪಿಸಿದ ‘ಗುಬ್ಬಿ’, ‘ನವಿಲು’ಗಳೂ ಬಂದವು. ಇತ್ತ ಬೆಹ್ದಾದ್ ಇಸ್ಫಹಬೋದ್ ಎಂಬ ಇರಾನ್ ಮೂಲದ ತಂತ್ರಜ್ಞರು ‘ಹಾರ್ಫ್‌ಬಜ್’ ಎಂಬ ಹೊಸ ಜೋಡಣೆಯ ಯಂತ್ರವನ್ನು ಸಿದ್ಧಪಡಿಸುತ್ತಿದ್ದರು. ಹರ್ಫ್ ಎಂದರೆ ಅಕ್ಷರ, ಬಾಜ್ ಎಂದರೆ ತೆರೆದದ್ದು. ಉರ್ದು ಬಲ್ಲ ನಮ್ಮ ಕಡೆಯ ಹಿರಿಯರಿಗೆ ಮೊದಲನೆಯ ಮಾತಿನ ಅರ್ಥವನ್ನು ಹೇಳಬೇಕಾಗಿಲ್ಲ. 2012ರಲ್ಲಿ ಪ್ಯಾಂಗೊ ತನ್ನ ಹಳೆಯ ಜೋಡಣೆಯನ್ನು ಕೈಬಿಟ್ಟು ಇದನ್ನೇ ನೆಚ್ಚಿಕೊಂಡಿತು.

ಕನ್ನಡವನ್ನು ಓದಲು ಬಾರದವರು ಕನ್ನಡದ ಜೋಡಣೆ ಸರಿಯೆಂದು ತಿಳಿಯುವುದು ಹೇಗೆ? ಅವರು ಹೂಡಿದ ಉಪಾಯ ಸ್ವಾರಸ್ಯವಾಗಿದೆ. ವಿಕಿಪೀಡಿಯ ಎಂಬ ವಿಶ್ವಕೋಶದಿಂದ ಆಯಾ ಭಾಷೆಯ ಪದಗಳನ್ನೆಲ್ಲ ಹೆಕ್ಕಿ, ಆಗಲೇ ಬಳಕೆಯಲ್ಲಿದ್ದ ಮೈಕ್ರೋಸಾಫ್ಟಿನ ಜೋಡಣೆಯೊಡನೆ ಒಂದೊಂದನ್ನೂ ಹೋಲಿಸಿ ನೋಡಿದರು. ಹಾಗೆ ಪರೀಕ್ಷೆಗೆ ನಿಂತ ಕನ್ನಡ ಪದಗಳು 9,50,000ಕ್ಕೂ ಮಿಕ್ಕು. ಕೊನೆಗೆ ಹೊಂದದೆ ಉಳಿದವು ಒಂದು ಸಾವಿರಕ್ಕೂ ಕಡಿಮೆ. 2003ರಿಂದ ಕನ್ನಡ ವಿಕಿಪೀಡಿಯದಲ್ಲಿ ಪ್ರತಿಫಲ ಬಯಸದೆ ಬರೆಯುತ್ತ ಬಂದವರು, ತಮಗೆ ತಿಳಿಯದೆಯೇ ತಮ್ಮ ಲಿಪಿಯ ಪರೀಕ್ಷೆಗೆ ಪಾಠವನ್ನು ಒದಗಿಸಿದ್ದರು.

ಆದರೂ ಲೆಕ್ಕದಿಂದ ತಿಳಿಯದ ದೋಷಗಳು ಉಳಿಯುತ್ತವೆ. ಚಿಕಾರ್ಯನ ಹೆಸರಿಗೆ ಬರೋಣ. ಅದರಲ್ಲಿ ರಕಾರದ ಉಚ್ಚಾರ ಯಕಾರಕ್ಕೆ ಮೊದಲು. ಬರವಣಿಗೆಯಲ್ಲಿ ಮಾತ್ರ ಅದು ಅರ್ಕಾವತ್ತಾಗಿ ಯಕಾರದ ಹಿಂದೆ ನಿಲ್ಲುತ್ತದೆ. ಆದರೆ ‘ರ‍್ಯಾಂಕ್’, ‘ರ‍್ಯಾಲಿ’ ಎಂಬಂಥ ಎರವಲು ಮಾತುಗಳಲ್ಲಿ ರಕಾರ ತನ್ನ ಪೂರ್ಣ ರೂಪದಲ್ಲಿ ಮುಂದಿರಬೇಕು, ಯಕಾರ ಒತ್ತಾಗಬೇಕು. ಈ ಭೇದವನ್ನು ಯಂತ್ರಕ್ಕೆ ತಿಳಿಸಲು ಕಣ್ಣಿಗೆ ಕಾಣದ ಒಂದು ಬೆಸುಗೆಯ ಗುರುತು ಇದೆ. ಅದು ಹಲಂತಕ್ಕೆ ಮೊದಲು ಬರಬೇಕೆಂಬುದು ಈಗಿನ ನಿಯಮ. ಹಿಂದಿನ ಬರಹಗಳಲ್ಲಿ ಅದನ್ನು ಹಲಂತದ ನಂತರ ಇಡುವ ರೂಢಿಯೂ ಇತ್ತು. ಹೊಸ ನಿಯಮವನ್ನು ಕಟ್ಟುನಿಟ್ಟಾಗಿ ಹಿಡಿದರೆ ಹಳೆಯ ಬರಹಗಳೆಲ್ಲ ಕೆಡುತ್ತವೆ. ದೂರು ಹೋಯಿತು, ಚರ್ಚೆ ನಡೆಯಿತು. ಕನ್ನಡದ ಮಟ್ಟಿಗೆ ಹಳೆಯ ಕ್ರಮವನ್ನೂ ಹೊಸ ಕ್ರಮದಂತೆಯೇ ಓದಿಕೊಳ್ಳಬೇಕೆಂಬ ಕೆಲವೇ ಸಾಲುಗಳು ಹಾರ್ಫ್‌ಬಜ್‌ನ ಮೂಲಪಾಠಕ್ಕೆ ಸೇರಿದವು. ಆ ಸಾಲುಗಳ ಮೇಲೆ ಕಾರಣವನ್ನು ಹೇಳುವ ಟಿಪ್ಪಣಿಯೂ ಇದೆ; ಯಾರು ಬೇಕಾದರೂ ಓದಬಹುದು. ಎರಡು ಪಾಠಾಂತರಗಳನ್ನು ಮುಂದಿಟ್ಟುಕೊಂಡ ಸಂಪಾದಕನು ಅಡಿಟಿಪ್ಪಣಿ ಬರೆದು ಎರಡಕ್ಕೂ ನ್ಯಾಯ ದೊರಕಿಸುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ತಿದ್ದಲು ಬಾರದ ತಪ್ಪಿಗೂ ಒಂದು ಉದಾಹರಣೆ ನಮ್ಮ ೞಕಾರದಲ್ಲಿಯೇ ಇದೆ. ಯೂನಿಕೋಡಿನ ಪಟ್ಟಿಯಲ್ಲಿ ಪ್ರತಿಯೊಂದು ಅಕ್ಷರಕ್ಕೂ ಇಂಗ್ಲಿಷಿನಲ್ಲಿ ಒಂದು ಹೆಸರುಂಟು. ಕೇಶಿರಾಜನು ‘ಶಬ್ದಮಣಿದರ್ಪಣ’ದಲ್ಲಿ ಅಷ್ಟೊಂದು ವಿಚಾರ ಮಾಡಿರುವ ಈ ಅಕ್ಷರಕ್ಕೆ ಅಲ್ಲಿ ಇಟ್ಟ ಹೆಸರು ‘ಫ’! ತಪ್ಪು ತಿಳಿದುಬಂದಾಗ ಕಾಲ ಮಿಂಚಿತ್ತು. ಒಮ್ಮೆ ಇಟ್ಟ ಹೆಸರನ್ನು ಎಂದಿಗೂ ಬದಲಿಸಬಾರದೆಂಬ ನಿಯಮ ಅಲ್ಲಿ ನೆಲೆಗೊಂಡಿತ್ತು. ಆದ್ದರಿಂದ ತಪ್ಪು ಹೆಸರನ್ನು ಹಾಗೆಯೇ ಬಿಟ್ಟು, ಅದರ ಪಕ್ಕದಲ್ಲಿ ಸರಿಯಾದ ಹೆಸರನ್ನು ಬರೆದಿದ್ದಾರೆ. ಶಾಸನಗಳನ್ನು ಓದಿದವರಿಗೆ ಇದು ಹೊಸದಲ್ಲ. ಕಲ್ಲಿನಲ್ಲಿ ಅಕ್ಷರ ಬಿಟ್ಟುಹೋದಾಗ ಕಂಡರಣೆಗಾರನು ಕಲ್ಲನ್ನು ಬದಲಿಸಲಾರ. ಸಾಲಿನ ಕೆಳಗೆ ಚಿಕ್ಕದಾಗಿ ಕೆತ್ತಿ ಸುಮ್ಮನಾಗುತ್ತಾನೆ.

ಈ ಮುಕ್ತ ವ್ಯವಸ್ಥೆಗಳನ್ನು ಕನ್ನಡಕ್ಕೆ ತಂದವರು ಇಂಗ್ಲಿಷಿನ ‘ಫೈಲ್’ ಎಂಬುದಕ್ಕೆ ‘ಕಡತ’ ಎಂಬ ಮಾತನ್ನು ಬಳಸಿದರು. ನಮ್ಮ ಕಚೇರಿಗಳಲ್ಲಿ ಆಗಲೇ ರೂಢಿಯಲ್ಲಿದ್ದ ಮಾತು ಅದು. ಕನ್ನಡದಲ್ಲಿ ಕನ್ನಡವೇ ಇರಲಿ, ಬೇಡದ ಕಡೆ ಸಂಸ್ಕೃತವನ್ನು ತುರುಕಬೇಡಿ ಎಂದು ವಾದಿಸಿದ ನಯಸೇನ ಇದನ್ನು ಕಂಡಿದ್ದರೆ ಸಂತೋಷಪಡುತ್ತಿದ್ದನೆಂದು ನನಗೆ ತೋರುತ್ತದೆ. ಆದರೆ ಕಡತವೆಂದರೆ ಮೊದಲು ಏನಾಗಿತ್ತು? ಬಟ್ಟೆಗೆ ಹುಣಿಸೆ ಬೀಜದ ಅಂಟನ್ನೂ ಇದ್ದಿಲಿನ ಪುಡಿಯನ್ನೂ ಬಳಿದು, ಒಣಗಿಸಿ, ಮಡಿಕೆ ಮಡಿಕೆಯಾಗಿ ಮಡಚಿದ ಕಪ್ಪು ಪುಸ್ತಕ. ವರ್ತಕರು ಅದರಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದರು. ತಪ್ಪಿದರೆ ಒರೆಸಿ ಮತ್ತೆ ಬರೆಯುತ್ತಿದ್ದರು. ಕಲ್ಲಿನ ಹಿರಿಮೆ ಅಳಿಯದಿರುವುದರಲ್ಲಿ. ಕಡತದ ಹಿರಿಮೆ ತಿದ್ದಿಸಿಕೊಳ್ಳುವುದರಲ್ಲಿ. ಮೂಲಪಾಠವನ್ನು ಮುಚ್ಚಿಟ್ಟ ತಂತ್ರಾಂಶ ನಮ್ಮ ಪಾಲಿಗೆ ಬೇರೆಯವರು ಕೆತ್ತಿದ ಕಲ್ಲು. ಮುಕ್ತ ತಂತ್ರಾಂಶ ಕಡತ.

ಹಾಗೆಂದು ಕಡತ ತನ್ನನ್ನು ತಾನೇ ತಿದ್ದಿಕೊಳ್ಳುವುದಿಲ್ಲ. ಇಲ್ಲಿಯೇ ನಮ್ಮ ಕೊರತೆ ಇರುವುದು. ಹಳಗನ್ನಡ ಬಲ್ಲ ನನ್ನಂಥವರು ಯಂತ್ರವೆಂದರೆ ದೂರ ನಿಲ್ಲುತ್ತೇವೆ. ಯಂತ್ರ ಬಲ್ಲ ತರುಣರು ೞಕಾರವನ್ನು ನೋಡಿಯೇ ಇರುವುದಿಲ್ಲ. ತಪ್ಪನ್ನು ಬಲ್ಲವನಿಗೆ ತಿದ್ದುವ ದಾರಿ ತಿಳಿಯದು, ದಾರಿ ಬಲ್ಲವನಿಗೆ ತಪ್ಪು ಕಾಣದು. ಇಬ್ಬರೂ ಒಂದೆಡೆ ಕುಳಿತರೆ ಏನಾಗುತ್ತದೆಂಬುದಕ್ಕೆ ಒಂದು ಸಾಕ್ಷ್ಯವನ್ನು ಹೇಳುತ್ತೇನೆ. ಹಳೆಯ ಬರಹಗಳಲ್ಲಿ ಕಾಣುವ ನಕಾರಪೊಲ್ಲು, ಎಂದರೆ ಸ್ವರವಿಲ್ಲದ ನಕಾರದ ವಿಶೇಷ ರೂಪ, ಯೂನಿಕೋಡಿನಲ್ಲಿ ಇರಲಿಲ್ಲ. ಬಲ್ಲವರು ಆಧಾರಗಳೊಡನೆ ಮನವಿ ಸಲ್ಲಿಸಿದರು. ಕನ್ನಡಕ್ಕೆ ಅಂಕೆಗಳು ದೊರೆತ ಮೂವತ್ತು ವರ್ಷಗಳ ಮೇಲೆ, 2021ರಲ್ಲಿ, ಅದಕ್ಕೂ ಒಂದು ಅಂಕೆ ದೊರೆಯಿತು. ಕೇಳಿದ್ದರಿಂದ ದೊರೆಯಿತು.

ನಮ್ಮ ಕಿರುಹೊತ್ತಗೆಯ ಎರಡನೆಯ ಮುದ್ರಣ ಇನ್ನೂ ಆಗಿಲ್ಲ. ಆ ತರುಣನೂ ನಾನೂ ಒಂದು ಮಧ್ಯಾಹ್ನ ಕೂಡಿ ಕುಳಿತು ಫಾಂಟನ್ನು ಬದಲಿಸಿ, ಬಿಟ್ಟುಹೋದ ೞಕಾರಗಳನ್ನೆಲ್ಲ ಪಾಠದಲ್ಲಿ ಮರಳಿ ಕೂರಿಸಿದ್ದೇವೆ. ಮೊದಲ ಅಕ್ಷರ ತೆರೆಯ ಮೇಲೆ ಮೂಡಿದಾಗ ಅವನು ಅದನ್ನೇ ದಿಟ್ಟಿಸಿ, ‘ಹಿಂಗಿರತೈತೇನ್ರಿ ಸರ ಇದು?’ ಎಂದು ಕೇಳಿದ. ಮೊದಲ ಮುದ್ರಣದ ಪ್ರತಿಗಳು ಮಾತ್ರ ಕೆಲವು ನೂರು ಮನೆಗಳಲ್ಲಿ ಇವೆ. ಎಲ್ಲಿಯಾದರೂ ಒಂದು ಕಣ್ಣಿಗೆ ಬಿದ್ದರೆ, ಮನೆಯವರ ಅಪ್ಪಣೆ ಪಡೆದು, ಲೇಖನಿ ತೆಗೆದು, ಳಕಾರದ ಪಕ್ಕದಲ್ಲಿ ೞಕಾರವನ್ನು ಚಿಕ್ಕದಾಗಿ ಬರೆದು ಬರುತ್ತೇನೆ.

(ಬಾನುಲಿ ಭಾಷಣದ ಬರಹರೂಪ)