ಫ್ಲೋರ್‌ಫೆನಿಕಾಲ್: ಔಷಧದ ಇತಿಹಾಸ

ಫ್ಲೋರ್‌ಫೆನಿಕಾಲ್ ದನಕರುಗಳ ಶ್ವಾಸಕೋಶದ ಸೋಂಕಿಗೆ ಚುಚ್ಚುಮದ್ದಾಗಿ ಕೊಡುವ ಪ್ರತಿಜೀವಕ. ಮನುಷ್ಯರ ಚಿಕಿತ್ಸೆಯಲ್ಲಿ ಇದರ ಬಳಕೆಯಿಲ್ಲ. ಮ್ಯಾನ್‌ಹೈಮಿಯಾ ಹೀಮೊಲಿಟಿಕಾ, ಪಾಶ್ಚುರೆಲ್ಲಾ ಮಲ್ಟೊಸಿಡಾ, ಹಿಸ್ಟೊಫಿಲಸ್ ಸಾಮ್ನಿ ಎಂಬ ಮೂರು ಬ್ಯಾಕ್ಟೀರಿಯಾಗಳ ವಿರುದ್ಧ ಇದು ಮುಖ್ಯವಾಗಿ ಬಳಕೆಯಾಗುತ್ತದೆ. ಹಳೆಯ ಬರಹಗಳಲ್ಲಿ ಮೊದಲನೆಯದು ಪಾಶ್ಚುರೆಲ್ಲಾ ಹೀಮೊಲಿಟಿಕಾ ಎಂದೂ ಕೊನೆಯದು ಹೀಮೊಫಿಲಸ್ ಸಾಮ್ನಸ್ ಎಂದೂ ಇರುತ್ತವೆ. ರೋಗಾಣು ಅದೇ, ಹೆಸರು ಮಾತ್ರ ಬದಲಾಗಿದೆ. ನಮ್ಮ ಕಡೆಯ ಗಳಲೆ ರೋಗವನ್ನು ತರುವುದೂ ಪಾಶ್ಚುರೆಲ್ಲಾ ಮಲ್ಟೊಸಿಡಾವೇ. ಆದರೆ ಅದರ ತಳಿ ಬೇರೆ, ಬೇನೆಯೂ ಬೇರೆ.

ಇದರ ಮೂಲ ಔಷಧ ಕ್ಲೋರಾಂಫೆನಿಕಾಲ್. ವೆನೆಜುವೆಲಾದ ಕರಾಕಸ್ ಬಳಿಯ ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಅದರ ವರದಿ 1947ರಲ್ಲಿ ಬಂತು. 1949ರಲ್ಲಿ ಪ್ರಯೋಗಾಲಯದಲ್ಲೇ ತಯಾರಾಯಿತು. ಟೈಫಾಯ್ಡ್‌ಗೆ ಅದು ಹೆಸರಾದಷ್ಟೇ ಬೇಗ ಕೆಲವರಲ್ಲಿ ಮೂಳೆಮಜ್ಜೆಯನ್ನು ಬತ್ತಿಸಿ ಪ್ರಾಣ ತೆಗೆಯುತ್ತದೆಂದೂ ತಿಳಿಯಿತು. ಮಾಂಸ, ಹಾಲಿನಲ್ಲಿ ಉಳಿಯುವ ಅಂಶಕ್ಕೆ ಸುರಕ್ಷಿತ ಮಿತಿ ಗುರುತಿಸಲಾಗದ ಕಾರಣ ಆಹಾರಕ್ಕಾಗಿ ಸಾಕುವ ಪ್ರಾಣಿಗಳಲ್ಲಿ ಅದರ ಬಳಕೆಯನ್ನು ಅಮೆರಿಕ 1980ರ ದಶಕದಲ್ಲಿ, ಯುರೋಪಿನ ಒಕ್ಕೂಟ 1994ರಲ್ಲಿ ನಿಲ್ಲಿಸಿದವು.

ಈ ಅಣುವನ್ನು ತಿದ್ದಿ ಫ್ಲೋರ್‌ಫೆನಿಕಾಲ್ ಮಾಡಿದರು ಎಂದು ಅನೇಕ ಕೈಪಿಡಿಗಳು ಒಂದೇ ವಾಕ್ಯದಲ್ಲಿ ಮುಗಿಸುತ್ತವೆ. ತಿದ್ದುಪಡಿಗಳು ಎರಡು. ಅವುಗಳ ನಡುವೆ ಸುಮಾರು ಮೂರು ದಶಕಗಳ ಅಂತರವಿದೆ, ಉದ್ದೇಶವೂ ಒಂದಲ್ಲ. 1952ರಲ್ಲಿ ಬಂದ ಥಿಯಾಂಫೆನಿಕಾಲ್‌ನಲ್ಲಿ ನೈಟ್ರೋ ಗುಂಪಿನ ಜಾಗಕ್ಕೆ ಗಂಧಕವಿರುವ ಮೀಥೈಲ್‌ಸಲ್ಫೊನೈಲ್ ಗುಂಪು ಬಂತು. ಮಜ್ಜೆಯ ಆ ಮಾರಕ ತೊಂದರೆಗೆ ನೈಟ್ರೋ ಗುಂಪೇ ಕಾರಣವೆಂಬುದು ಸಾಮಾನ್ಯ ಅಭಿಪ್ರಾಯ. ಆದರೆ ಪ್ರತಿರೋಧಿ ಬ್ಯಾಕ್ಟೀರಿಯಾಗಳ ಒಂದು ಕಿಣ್ವ ಥಿಯಾಂಫೆನಿಕಾಲನ್ನೂ ನಿಷ್ಕ್ರಿಯಗೊಳಿಸುತ್ತಿತ್ತು. ಆ ಕಿಣ್ವ ಅಸಿಟೈಲ್ ಗುಂಪನ್ನು ಅಂಟಿಸುತ್ತಿದ್ದುದು ಅಣುವಿನ ಒಂದು ಹೈಡ್ರಾಕ್ಸಿಲ್‌ಗೆ. ಷೆರಿಂಗ್ ಕಂಪನಿಯ ಟಿ. ಎಲ್. ನಾಗಭೂಷಣ್ ಆ ಹೈಡ್ರಾಕ್ಸಿಲ್ ತೆಗೆದು ಫ್ಲೋರಿನ್ ಇಟ್ಟರು. ಕಿಣ್ವಕ್ಕೆ ಹಿಡಿತವೇ ಸಿಗದಾಯಿತು. 1980ರ ಅಮೆರಿಕದ ಪೇಟೆಂಟ್ ಅವರ ಹೆಸರಿನಲ್ಲಿದೆ. ಈ ಔಷಧದ ಚರಿತ್ರೆಯಲ್ಲಿ ಬೇರೆಲ್ಲಕ್ಕಿಂತ ದೊಡ್ಡ ತಿರುವು ಇದು. ಆದರೂ ಪಶುವೈದ್ಯ ಪುಸ್ತಕಗಳಲ್ಲಿ ಅವರ ಹೆಸರು ಅಪರೂಪ.

ಮೊದಲ ಬಳಕೆ ದನಗಳಲ್ಲಲ್ಲ, ಜಪಾನಿನ ಸಾಕಣೆ ಮೀನುಗಳಲ್ಲಿ. ಅಮೆರಿಕದಲ್ಲಿ 1996ರಲ್ಲಿ ದನಗಳಿಗೆ ಅನುಮತಿ ಸಿಕ್ಕಿತು. ನ್ಯೂಫ್ಲಾರ್ ಹೆಸರಿನ ದ್ರಾವಣದ ಪ್ರತಿ ಮಿಲಿಲೀಟರಿನಲ್ಲಿ 300 ಮಿಲಿಗ್ರಾಂ ಔಷಧ. ಪ್ರತಿ ಕಿಲೋ ದೇಹತೂಕಕ್ಕೆ 20 ಮಿಲಿಗ್ರಾಂನಂತೆ ಕತ್ತಿನ ಸ್ನಾಯುವಿಗೆ 48 ಗಂಟೆಗಳ ಅಂತರದಲ್ಲಿ ಎರಡು ಸಲ, ಇಲ್ಲವೇ 40 ಮಿಲಿಗ್ರಾಂನಂತೆ ಚರ್ಮದಡಿಗೆ ಒಂದೇ ಸಲ ಕೊಡುವುದು ರೂಢಿ. ಅಲ್ಲಿ 20 ತಿಂಗಳು ಮೀರಿದ ಹೈನುರಾಸುಗಳಿಗೆ ಇದನ್ನು ಕೊಡುವಂತಿಲ್ಲ. ನಿಷೇಧಿತ ಕ್ಲೋರಾಂಫೆನಿಕಾಲ್ ಜೊತೆ ಇದನ್ನು ಬೆರೆಸಿ ಮಾತಾಡುವುದು ಇಂದಿಗೂ ಉಂಟು. ಭಾರತ 2025ರಲ್ಲಿ ಆಹಾರದ ಪ್ರಾಣಿಗಳ ಸಾಕಣೆಗೆ ತಡೆದದ್ದು ಕ್ಲೋರಾಂಫೆನಿಕಾಲ್ ಮತ್ತು ನೈಟ್ರೋಫ್ಯುರಾನ್‌ಗಳನ್ನು, ಫ್ಲೋರ್‌ಫೆನಿಕಾಲನ್ನಲ್ಲ.

ಪ್ರತಿರೋಧದ ಕಥೆಯಲ್ಲಿ ದಾಖಲೆಗಳು ಹೆಚ್ಚು ಎಡವುತ್ತವೆ. ಔಷಧವನ್ನು ಜೀವಕೋಶದಿಂದ ಹೊರತಳ್ಳುವ ಫ್ಲೋ-ಆರ್ ಜೀನ್ ಹೊಸ ಮದ್ದು ಮಾರುಕಟ್ಟೆಗೆ ಬಂದ ಮೇಲೆ ಹುಟ್ಟಿತೆಂದು ಬರೆದವರಿದ್ದಾರೆ. ಆದರೆ ಬ್ರಿಟನ್ನಿನ ದನಗಳಲ್ಲಿ ಹರಡಿದ ಸಾಲ್ಮೊನೆಲ್ಲಾ ಡಿಟಿ104 ತಳಿ ಕ್ಲೋರಾಂಫೆನಿಕಾಲನ್ನು ಎದುರಿಸುವುದು ಇದೇ ಜೀನಿನ ಬಲದಿಂದ. ಆ ತಳಿ 1980ರ ದಶಕದಲ್ಲೇ ಕಾಣಿಸಿಕೊಂಡಿತ್ತು. ಜೀನ್ ಎರಡೂ ಔಷಧಗಳನ್ನು ತಡೆಯುವುದರಿಂದ ಹಳೆಯ ಔಷಧದ ಬಳಕೆಯೇ ಅದನ್ನು ಪೋಷಿಸಿದ್ದಿರಬೇಕು.

ಇದಕ್ಕಿಂತ ಗಂಭೀರವಾದದ್ದು ಸಿಎಫ್‌ಆರ್ ಎಂಬ ಜೀನ್. ಉಸಿರಾಟದ ಸೋಂಕು ತಗುಲಿದ್ದ ಒಂದು ಕರುವಿನ ಸ್ಟ್ಯಾಫಿಲೊಕಾಕಸ್ ಸೈಯುರಿಯಲ್ಲಿ ಜರ್ಮನ್ ಸಂಶೋಧಕರು ಇದನ್ನು ಕಂಡು 2000ದಲ್ಲಿ ವರದಿ ಮಾಡಿದರು. ಕ್ಲೋರಾಂಫೆನಿಕಾಲ್ ಮತ್ತು ಫ್ಲೋರ್‌ಫೆನಿಕಾಲ್ ಎರಡನ್ನೂ ತಡೆಯುತ್ತದೆಂದೇ ಆ ಹೆಸರು. ಆದರೆ ಅದು ರೈಬೊಸೋಮಿನ ಆರ್‌ಎನ್‌ಎಯ 2503ನೆಯ ಸ್ಥಾನಕ್ಕೆ ಮೀಥೈಲ್ ಅಂಟಿಸಿ ಐದು ಬಗೆಯ ಪ್ರತಿಜೀವಕಗಳನ್ನು ಒಟ್ಟಿಗೆ ತಡೆಯುತ್ತದೆ. ಅವುಗಳಲ್ಲೊಂದು ಬಗೆಗೆ ಸೇರಿದ್ದು ಲಿನೆಜೋಲಿಡ್, ಅದೇ 2000ದಲ್ಲಿ ಅಮೆರಿಕದಲ್ಲಿ ಮನುಷ್ಯರಿಗೆ ಅನುಮತಿ ಪಡೆದ ಔಷಧ. ಮುಂದೆ ಕೊಲಂಬಿಯಾದ ಮೆಡೆಲಿನ್‌ನ ರೋಗಿಯೊಬ್ಬರ ಬ್ಯಾಕ್ಟೀರಿಯಾದಲ್ಲಿ ಈ ಜೀನ್ ಸಿಕ್ಕಿತು. 2008ರಲ್ಲಿ ಮ್ಯಾಡ್ರಿಡ್‌ನ ಆಸ್ಪತ್ರೆಯೊಂದರ ತೀವ್ರನಿಗಾ ಘಟಕದಲ್ಲಿ 12 ರೋಗಿಗಳಲ್ಲಿ ಲಿನೆಜೋಲಿಡ್‌ಗೆ ಬಗ್ಗದ ಬ್ಯಾಕ್ಟೀರಿಯಾ ಪತ್ತೆಯಾದಾಗಲೂ ಕಂಡದ್ದು ಇದೇ. ಆ ಐದು ಬಗೆಗಳಿಗೇ ಸೇರಿದ ಟಿಯಾಮುಲಿನ್, ಲಿಂಕೊಮೈಸಿನ್ ಬಳಕೆಯೂ ಈ ಜೀನನ್ನು ಉಳಿಸಬಲ್ಲದು; ಹಾಗಾಗಿ ಹೊಣೆಯನ್ನು ಫ್ಲೋರ್‌ಫೆನಿಕಾಲ್ ಒಂದರ ಮೇಲೆಯೇ ಹೊರಿಸುವ ಬರಹಗಳನ್ನು ಎಚ್ಚರದಿಂದ ಓದಬೇಕು.