ಕೀಲಿಮಣೆಯ ಗಡಿರೇಖೆಗಳು

ಗಣಕಯಂತ್ರದಲ್ಲಿ ಬರೆಯುವವರೆಲ್ಲರೂ ಕಂಟ್ರೋಲ್ ಕೀಲಿಯೊಡನೆ ಇನ್ನೊಂದು ಅಕ್ಷರವನ್ನು ಒತ್ತಿ ಕೆಲಸ ಸಾಧಿಸುವುದನ್ನು ಬಲ್ಲರು. ಆದರೆ ಯಾವ ಕೀಲಿಗೆ ಯಾವ ಕೆಲಸ ಎಂಬುದನ್ನು ನಿರ್ಧರಿಸುವ ಅಧಿಕಾರ ಯಾರದು? ತಂತ್ರಾಂಶವನ್ನು ರಚಿಸಿದವನದೋ, ಬಳಸುವವನದೋ? ಈ ಪ್ರಶ್ನೆಗೆ ಈಮ್ಯಾಕ್ಸ್ ಎಂಬ ಟೆಕ್ಸ್ಟ್ ಎಡಿಟರ್ ಕಂಡುಕೊಂಡ ಉತ್ತರವು ಇತಿಹಾಸದ ವಿದ್ಯಾರ್ಥಿಗಳು ಗಮನಿಸತಕ್ಕಂತಹುದು.

1970ರ ದಶಕದಲ್ಲಿ ಅಮೆರಿಕದ ಎಂಐಟಿ ಸಂಸ್ಥೆಯ ಕೃತಕ ಬುದ್ಧಿಮತ್ತೆ ಪ್ರಯೋಗಾಲಯದಲ್ಲಿ ಟೀಕೋ ಎಂಬ ಎಡಿಟರ್ ಬಳಕೆಯಲ್ಲಿತ್ತು. ಒಂದೊಂದು ಕೀಲಿಗೂ ಬೇಕಾದ ಆಜ್ಞೆಗಳ ಸರಣಿಯನ್ನು ಜೋಡಿಸುವ ಸೌಲಭ್ಯವನ್ನು ರಿಚರ್ಡ್ ಸ್ಟಾಲ್ಮನ್ ಅದಕ್ಕೆ ಸೇರಿಸಿದರು. ಫಲವೇನಾಯಿತು? ಪ್ರತಿಯೊಬ್ಬರೂ ತಮ್ಮದೇ ಏರ್ಪಾಡನ್ನು ಕಟ್ಟಿಕೊಂಡರು. ಒಬ್ಬರ ಕೀಲಿಗಳ ಅರ್ಥ ಮತ್ತೊಬ್ಬರಿಗೆ ತಿಳಿಯದಾಯಿತು. ಈ ಗೊಂದಲವನ್ನು ನಿವಾರಿಸಲು 1976ರಲ್ಲಿ ಗೈ ಸ್ಟೀಲ್ ವಿವಿಧ ಏರ್ಪಾಡುಗಳನ್ನು ಕ್ರೋಡೀಕರಿಸತೊಡಗಿದರು. ಸ್ಟಾಲ್ಮನ್ ಮುಂದುವರಿಸಿದ ಆ ಕಾರ್ಯದಿಂದಲೇ ಈಮ್ಯಾಕ್ಸ್ ಜನಿಸಿತು.

ಮೂಲ ತೊಡಕು ಕೀಲಿಗಳ ಕೊರತೆ. ಆಸ್ಕಿ ಸಂಕೇತಪದ್ಧತಿಯ 128 ಸಂಕೇತಗಳಲ್ಲಿ ಕಂಟ್ರೋಲ್ ಕೀಲಿಯಿಂದ ದೊರೆಯುವವು ಮೊದಲ 32 ಮಾತ್ರ. ಅವುಗಳಲ್ಲಿಯೂ ಕಂಟ್ರೋಲ್-ಐ ಎಂದರೆ ಟ್ಯಾಬ್, ಕಂಟ್ರೋಲ್-ಎಂ ಎಂದರೆ ರಿಟರ್ನ್. ಆದುದರಿಂದ ಕಂಟ್ರೋಲ್-ಎಕ್ಸ್, ಕಂಟ್ರೋಲ್-ಸಿ ಮುಂತಾದವುಗಳನ್ನು ಪೂರ್ವಪದದಂತೆ ಬಳಸಿ, ಅನಂತರ ಇನ್ನೊಂದು ಕೀಲಿಯನ್ನು ಒತ್ತುವ ಪದ್ಧತಿ ಬೆಳೆಯಿತು.

1985ರಲ್ಲಿ ಗ್ನೂ ಈಮ್ಯಾಕ್ಸ್ ಸಾರ್ವಜನಿಕರಿಗೆ ದೊರೆಯಿತು. ಪತ್ರ, ಪ್ರೋಗ್ರಾಮ್, ಪಟ್ಟಿ ಹೀಗೆ ಬರಹದ ಬಗೆಗೆ ತಕ್ಕಂತೆ ಅದರಲ್ಲಿ ಒಂದೊಂದು ಮೇಜರ್ ಮೋಡ್ ಉಂಟು. ಅದರ ಜೊತೆಗೆ ಏಕಕಾಲದಲ್ಲಿ ಹಲವು ಮೈನರ್ ಮೋಡ್‌ಗಳೂ ನಡೆಯಬಲ್ಲವು. ಅಪರಿಚಿತರಾದ ಅನೇಕರು ಬರೆದ ಈ ಮೋಡ್‌ಗಳು ಒಂದೇ ಕೀಲಿಗಾಗಿ ಕಾದಾಡದಂತೆ ಗಡಿಗಳು ನಿರ್ಮಾಣವಾದವು. ಕಂಟ್ರೋಲ್-ಸಿ ನಂತರ ಇನ್ನೊಂದು ಕಂಟ್ರೋಲ್ ಅಕ್ಷರ ಅಥವಾ ಅಂಕಿ ಬಂದರೆ ಅದು ಮೇಜರ್ ಮೋಡ್‌ಗೆ ಸೇರಿದ್ದು. ಕೆಲವು ಚಿಹ್ನೆಗಳು ಮೇಜರ್ ಮೋಡ್‌ಗೆ, ಉಳಿದ ಚಿಹ್ನೆಗಳು ಮೈನರ್ ಮೋಡ್‌ಗಳಿಗೆ. ಆದರೆ ಕಂಟ್ರೋಲ್-ಸಿ ನಂತರ ಬರಿಯ ಅಕ್ಷರವೊಂದು ಬಂದರೆ ಅದು ಬಳಕೆದಾರನ ಸ್ವಂತ ಆಸ್ತಿ! ಎಫ್5ರಿಂದ ಎಫ್9ರವರೆಗಿನ ಕೀಲಿಗಳೂ ಅವನವೇ. ಕಂಟ್ರೋಲ್-ಜಿ ಕೈಗೊಂಡ ಕೆಲಸವನ್ನು ಕೈಬಿಡಲು ಮೀಸಲು. ಪೂರ್ವಪದದ ಬಳಿಕ ಕಂಟ್ರೋಲ್-ಎಚ್ ಒತ್ತಿದರೆ ಮುಂದಿನ ಕೀಲಿಗಳ ಪಟ್ಟಿ ಕಾಣಿಸಬೇಕು. ಇವನ್ನು ಮೋಡ್‌ಗಳು ಆಕ್ರಮಿಸಿಕೊಳ್ಳಲಾಗದು.

ಓದುಗ ಮಿತ್ರರು ಗಮನಿಸಬೇಕಾದುದು ಇದು: ಈ ನಿಯಮಗಳನ್ನು ಮುರಿದವನನ್ನು ಯಂತ್ರವು ತಡೆಯುವುದಿಲ್ಲ. ಇವು ಕೈಪಿಡಿಯಲ್ಲಿ ಬರೆದಿಟ್ಟ ಸಂಪ್ರದಾಯಗಳಷ್ಟೇ. ಪರಸ್ಪರ ಗೌರವವೇ ಇವುಗಳ ಬಲ. ಆರ್ಗ್ ಮೋಡ್ ಎಂಬ ಜನಪ್ರಿಯ ಸೌಲಭ್ಯವನ್ನೇ ನೋಡಿ. ದಿನಚರಿಯನ್ನು ತೆರೆಯಲು ಕಂಟ್ರೋಲ್-ಸಿ ನಂತರ ಎ ಒತ್ತುವ ಏರ್ಪಾಡನ್ನು ಅದರ ಕೈಪಿಡಿ ಸೂಚಿಸುತ್ತದೆ. ಆದರೆ ತಾನಾಗಿ ಆ ಕೀಲಿಯನ್ನು ವಶಪಡಿಸಿಕೊಳ್ಳದೆ, ಅದನ್ನು ಜೋಡಿಸಿಕೊಳ್ಳುವ ಕೆಲಸವನ್ನು ಬಳಕೆದಾರನಿಗೇ ಬಿಡುತ್ತದೆ. ಬೆರಳುಗಳಿಗೆ ವರ್ಷಗಟ್ಟಲೆ ರೂಢಿಯಾದ ಅಭ್ಯಾಸವನ್ನು ಹೊಸ ಆವೃತ್ತಿಯೊಂದು ಅಳಿಸಿಹಾಕಬಾರದು ಎಂಬ ವಿವೇಕ ಇದರಲ್ಲಿದೆ.

ವಿದ್ಯಾರ್ಥಿಯ ನೋಟ್‌ಬುಕ್ಕಿನಲ್ಲಿ ಉಪಾಧ್ಯಾಯನಿಗಾಗಿ ಅಂಚು ಬಿಡಿಸುವುದು ನಮ್ಮ ವಾಡಿಕೆ. ಇಲ್ಲಿ ರಚಿಸಿದವನೇ ಬಳಸುವವನಿಗಾಗಿ ಅಂಚು ಬಿಟ್ಟಿದ್ದಾನೆ. ಎಲ್ಲರಿಗೂ ಸಮಾನವಾದ ನಿಯಮವೂ ಬೇಕು, ಪ್ರತಿಯೊಬ್ಬನಿಗೂ ತನ್ನದೆನ್ನುವ ಎಡೆಯೂ ಬೇಕು. ಸಮರ್ಥನಾದವನು ತನ್ನ ಕೈಯನ್ನು ತಾನೇ ಕಟ್ಟಿಕೊಂಡಾಗ ಮಾತ್ರ ಇವೆರಡೂ ಒಟ್ಟಿಗೆ ಉಳಿಯುತ್ತವೆ. ತಾವೇನೆನ್ನುತ್ತೀರಿ?