ಖಾಸಗಿ ವಿನಿಮಯಕೇಂದ್ರವೂ ಧ್ವನಿಸಂದೇಶದ ಪೆಟ್ಟಿಗೆಯೂ

ನಂಜನಗೂಡು ತಾಲ್ಲೂಕಿನ ಬಿಳಿಗೆರೆಯಂತಹ ಗ್ರಾಮಗಳ ಸೆಕೆ ಧೂಳುಗಳನ್ನು ಸಹಿಸಿ, ಹವಾನಿಯಂತ್ರಣದ ಆಶ್ರಯವಿಲ್ಲದೆ ನಡೆಯಬಲ್ಲ ದೂರವಾಣಿ ವಿನಿಮಯಕೇಂದ್ರವನ್ನು, 1984ರಲ್ಲಿ ಸ್ಥಾಪಿತವಾದ ಸಿ-ಡಾಟ್ ಸಂಸ್ಥೆಯು ಸ್ವದೇಶದಲ್ಲಿಯೇ ನಿರ್ಮಿಸಿ, 1986ರಲ್ಲಿ ನಮ್ಮ ಕಿತ್ತೂರಿನಲ್ಲಿ ಕಾರ್ಯಾರಂಭ ಮಾಡಿಸಿದುದು ದೂರಸಂಪರ್ಕದ ಇತಿಹಾಸದಲ್ಲಿ ಗಣನೀಯವಾದ ಘಟನೆ. ಅದಕ್ಕೂ ಮೊದಲು, 1948ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಐಟಿಐ ದೂರವಾಣಿ ಕಾರ್ಖಾನೆಯು ಸ್ಟ್ರೌಜರ್ ಪದ್ಧತಿಯ ಯಂತ್ರಗಳನ್ನು ತಯಾರಿಸುತ್ತಿದ್ದಿತು. ಅಲ್ಲಿ ಕರೆಯ ಮಾರ್ಗವನ್ನು ನಿರ್ಣಯಿಸುತ್ತಿದ್ದುದು ಹಂತಹಂತವಾಗಿ ಏರುವ ಲೋಹದ ಕೈಗಳೇ ಹೊರತು ಗಣಕದ ಸ್ಮೃತಿಯಲ್ಲ.

ಸಿ-ಡಾಟ್‌ನ 128 ಪೋರ್ಟುಗಳ ಆ ತಂತ್ರವೇ ಕಾರ್ಖಾನೆ ಕಚೇರಿಗಳ ಖಾಸಗಿ ವಿನಿಮಯಕೇಂದ್ರವಾಗಿ, ಅರ್ಥಾತ್ ಇಪಿಎಬಿಎಕ್ಸ್ ಆಗಿಯೂ ಬಳಕೆಗೆ ಬಂದಿತು. ಅಮೆರಿಕದ ಗಾರ್ಡನ್ ಮ್ಯಾಥ್ಯೂಸ್ 1983ರಲ್ಲಿ ಪೇಟೆಂಟ್ ಪಡೆದ ವಾಯ್ಸ್‌ಮೇಲ್ ಅರ್ಥಾತ್ ಧ್ವನಿಸಂದೇಶದ ಪೆಟ್ಟಿಗೆಯ ವ್ಯವಸ್ಥೆಯು ಇಂತಹ ವಿನಿಮಯಕೇಂದ್ರದ ಸ್ವಿಚ್ಚಿನೊಡನೆ ಕೂಡುವ ಕ್ರಮ ಕುತೂಹಲಕರವಾದುದು. ಸ್ವಿಚ್ಚಿನ ದೃಷ್ಟಿಯಲ್ಲಿ ಅದು ಕೆಲವು ಎಕ್ಸ್‌ಟೆನ್ಷನ್‌ಗಳ ಸಮೂಹ ಮಾತ್ರ. ಕರೆಗೆ ಉತ್ತರ ದೊರೆಯದಾಗ ಸ್ವಿಚ್ಚು ಅದನ್ನು ಆ ಸಮೂಹಕ್ಕೆ ತಿರುಗಿಸಿ, ಯಾರಿಗಾಗಿ ಬಂದ ಕರೆಯೆಂಬುದನ್ನು ಸ್ವರಸಂಕೇತಗಳಿಂದಲೋ ಪ್ರತ್ಯೇಕವಾದ ದತ್ತಾಂಶದ ತಂತಿಯಿಂದಲೋ ತಿಳಿಸುವುದು. ಈ ಪರಿಚಯವಿಲ್ಲದಿದ್ದರೆ ಕರೆ ಮಾಡಿದವರೇ ಮತ್ತೊಮ್ಮೆ ಸಂಖ್ಯೆಯನ್ನು ಒತ್ತಬೇಕಾಗುವುದು. ಸಂದೇಶವು ದಾಖಲಾದ ಮೇಲೆ ಪೆಟ್ಟಿಗೆಯು ಸ್ವಿಚ್ಚಿಗೆ ಮರುಸೂಚನೆಯಿತ್ತು, ಸಂಬಂಧಪಟ್ಟವರ ದೂರವಾಣಿಯ ದೀಪವನ್ನು ಉರಿಸುವುದು.

ಒಂದು ಕಂಪನಿಯ ಸ್ವಿಚ್ಚಿನ ಸಂಕೇತವು ಮತ್ತೊಂದು ಕಂಪನಿಯ ಪೆಟ್ಟಿಗೆಗೆ ಅರ್ಥವಾಗದೆ ಹೋಗುವ ಸಂಭವವಿದ್ದುದರಿಂದ, ಈ ಜೋಡಣೆಯಲ್ಲಿ ತಂತ್ರಜ್ಞರ ಶ್ರಮವನ್ನು ಬೇಡಿದುದು ತಂತಿ ಎಳೆಯುವ ಕೆಲಸಕ್ಕಿಂತಲೂ ಈ ಸಂಕೇತಗಳ ಸಮನ್ವಯವೇ.